ಪಾಲಿಹೌಸಿಗೆ ಕರೆಂಟ್: ಅರ್ಥ್ ಗುಂಡಿ ತೋಡಿದ್ರೆ ಮುಗೀತಾ?

ನಮ್ಮ ಬೀದರ ಜಿಲ್ಲೆಯ ಹೊಲಗಳಲ್ಲಿ ಕರೆಂಟ್ ಅಂದ್ರೆ ಬಹಳ ವರ್ಷ ಒಂದೇ ಅರ್ಥ ಇತ್ತು: ಬೋರ್, ಸ್ಟಾರ್ಟರ್ ಡಬ್ಬಿ, ಮೂರು ಫೇಸಿನ ಮೋಟಾರ್. ಆಮೇಲೆ ಪಾಲಿಹೌಸ್ ಬಂತು. 2014-15ರ ಕೃಷಿ ಭಾಗ್ಯ ಯೋಜನೆಯಲ್ಲಿ ಕೃಷಿ ಹೊಂಡದ ಜೊತೆ ಪಾಲಿಹೌಸಿಗೂ ಸಹಾಯಧನ ಸಿಕ್ಕಿತು. ತೊಗರಿ, ಸೋಯಾ, ಕಬ್ಬಿನ ನಡುವೆ ಅಲ್ಲೊಂದು ಇಲ್ಲೊಂದು ಬಿಳಿ ಪ್ಲಾಸ್ಟಿಕ್ಕಿನ ಮನೆ ಎದ್ದು, ಒಳಗೆ ದೊಣ್ಣೆ ಮೆಣಸಿನಕಾಯಿ, ಸೌತೆಕಾಯಿ, ಸಸಿಗಳ ಟ್ರೇ ಬಂದವು. ಅವುಗಳ ಹಿಂದೆಯೇ ಫಾಗರ್ ಪಂಪು, ಗೊಬ್ಬರ ಕಲಸುವ ಸಣ್ಣ ಮೋಟಾರ್, ಫ್ಯಾನು, ನಾಲ್ಕು ಬಲ್ಬು, ಮೊಬೈಲ್ ಚಾರ್ಜ್ ಮಾಡಲಿಕ್ಕೆ ಒಂದು ಪ್ಲಗ್ ಪಾಯಿಂಟ್ ಕೂಡ ಬಂದವು.

ಎಲೆಕ್ಟ್ರಿಕಲ್ ಕಣ್ಣಿನಿಂದ ನೋಡಿದ್ರೆ ಈ ಜಾಗ ಮನೆಯೂ ಅಲ್ಲ, ಹೊಲವೂ ಅಲ್ಲ. ಇಡೀ ಚೌಕಟ್ಟು ಜಿಐ ಪೈಪು, ಅಂದರೆ ಉಕ್ಕು. ನೆಲ ಸದಾ ಹಸಿ. ಫಾಗರ್ ಬಿಟ್ಟಾಗ ಗಾಳಿಯೂ ಹಸಿ. ಒಳಗೆ ಕೆಲಸ ಮಾಡುವವರು, ಹೆಚ್ಚಾಗಿ ಹೆಣ್ಣುಮಕ್ಕಳು, ಬರಿಗಾಲಿನಲ್ಲಿ ಇರ್ತಾರೆ, ಬೆವರಿರ್ತಾರೆ, ಬಳ್ಳಿ ಕಟ್ಟುವಾಗ ಒಂದು ಕೈ ಪೈಪಿನ ಮೇಲೇ ಇರ್ತದೆ. ಎಲ್ಲೋ ಒಂದು ಕಡೆ ವೈರಿನ ಮೇಲಿನ ಪ್ಲಾಸ್ಟಿಕ್ ಸವೆದು ತಾಮ್ರ ಪೈಪಿಗೆ ತಾಗಿದರೆ ಸಾಕು, ಸಾವಿರ ಚದರ ಮೀಟರಿನ ಇಡೀ ಚೌಕಟ್ಟಿಗೆ ಕರೆಂಟ್ ಬಂತು ಅಂತ ಲೆಕ್ಕ. "ಪೈಪಿಗೆ ಕೈ ಹಚ್ಚಿದ್ರ ಸ್ವಲ್ಪ ಜುಮ್ ಅಂತದ್ರಿ, ಏನೂ ಆಗಂಗಿಲ್ಲ" ಅನ್ನುವ ಮಾತು ಕೇಳಿದರೆ ಅದನ್ನು ಸಣ್ಣ ದೂರು ಅಂತ ಬಿಡಬಾರದು. ಇವತ್ತು ಜುಮ್ ಅಂದದ್ದು ನಾಳೆ ಮಳೆ ಬಂದಾಗ ಏನು ಮಾಡ್ತದೆ ಅನ್ನೋದು ಓಮ್‌ನ ನಿಯಮಕ್ಕೆ ಗೊತ್ತು.

ಇದಕ್ಕೆ ಪರಿಹಾರ ಏನು ಅಂತ ಯಾರನ್ನು ಕೇಳಿದರೂ ಬರುವ ಉತ್ತರ ಒಂದೇ: "ಅರ್ಥಿಂಗ್ ಛಲೋ ಮಾಡಿಸ್ರಿ." ಗುಂಡಿ ತೋಡು, ಉಪ್ಪು-ಇದ್ದಿಲು ತುಂಬು, ಪೈಪು ನೆಡು, ಮೇಲೊಂದು ಎಂಸಿಬಿ ಹಾಕು, ಮುಗೀತು. ಇಲ್ಲೇ ನಾವು ಸ್ವಲ್ಪ ನಿಂತು ಲೆಕ್ಕ ಹಾಕಬೇಕು. ಸಿವಿಲ್, ಸಿಎಸ್ ಓದುವವರು ಓಡಬೇಡಿ, ಫಸ್ಟ್ ಇಯರ್ ಬೇಸಿಕ್ ಎಲೆಕ್ಟ್ರಿಕಲ್ ಸಾಕು.

ಜೆಸ್ಕಾಂ ಟಿಸಿಯಿಂದ ಹೊಲಕ್ಕೆ ಫೇಸ್ ಬರ್ತದೆ, ನ್ಯೂಟ್ರಲ್ ಬರ್ತದೆ. ಅರ್ಥ್ ವೈರು ಬರುವುದಿಲ್ಲ, ಅದನ್ನು ನಮ್ಮ ಜಾಗದಲ್ಲಿ ನಾವೇ ಮಾಡಿಕೊಳ್ಳಬೇಕು. ಟಿಸಿಯ ನ್ಯೂಟ್ರಲ್ ಅನ್ನು ಟಿಸಿಯ ಬುಡದಲ್ಲಿ ಭೂಮಿಗೆ ಜೋಡಿಸಿರ್ತಾರೆ. ಈಗ ಫೇಸ್ ವೈರು ಚೌಕಟ್ಟಿಗೆ ತಾಗಿತು ಅಂದುಕೊಳ್ಳಿ. ಕರೆಂಟ್ ಚೌಕಟ್ಟಿನಿಂದ ನಮ್ಮ ರಾಡಿಗೆ, ರಾಡಿನಿಂದ ಮಣ್ಣಿಗೆ, ಮಣ್ಣಿನಿಂದ ಟಿಸಿಯ ಅರ್ಥಿಗೆ, ಅಲ್ಲಿಂದ ನ್ಯೂಟ್ರಲ್‌ಗೆ ಹೋಗಬೇಕು. ಈ ದಾರಿಯಲ್ಲಿ ದೊಡ್ಡ ರೆಸಿಸ್ಟೆನ್ಸು ಎರಡು ಕಡೆ: ನಮ್ಮ ರಾಡಿನ ಸುತ್ತಲಿನ ಮಣ್ಣು, ಟಿಸಿಯ ಅರ್ಥ್ ಸುತ್ತಲಿನ ಮಣ್ಣು. ಟಿಸಿ ಕಡೆಯದನ್ನು 5 ಓಮ್ ಅಂತ ಹಿಡಿಯೋಣ. ನಮ್ಮ ರಾಡಿನದು ಎಷ್ಟು? ಅದು ಮಣ್ಣನ್ನೇ ಕೇಳಬೇಕು.

ಮಣ್ಣಿನ ವಿಷಯದಲ್ಲಿ ನಮ್ಮ ಎರಡು ತಾಲೂಕು ಒಂದೇ ಥರ ಇಲ್ಲ. ಹುಮನಾಬಾದ ತಾಲೂಕಿನಲ್ಲಿ ಹೆಚ್ಚಾಗಿ ಲ್ಯಾಟರೈಟಿನ ಕೆಂಪು ಮಣ್ಣು. ಬಸವಕಲ್ಯಾಣದಲ್ಲಿ ಕೆಂಪೂ ಇದೆ, ಎರೆಯೂ ಇದೆ. ಒಂದೇ ಊರಿನ ಎರಡು ಹೊಲ ಬೇರೆ ಬೇರೆ ಇರಬಹುದು. ಎರೆ ಮಣ್ಣು ನೀರು ಹಿಡಿದುಕೊಳ್ತದೆ, ಹಸಿ ಇದ್ದಾಗ ಕರೆಂಟಿಗೆ ಸುಲಭವಾಗಿ ದಾರಿ ಕೊಡ್ತದೆ. ಲ್ಯಾಟರೈಟ್ ಹಂಗಲ್ಲ. ಅದು ತೂತು ತೂತಿನ ಕಲ್ಲು, ಬಿದ್ದ ನೀರು ಕೆಳಗೆ ಇಳಿದು ಹೋಗ್ತದೆ. ಬಹಮನಿ ಕಾಲದಲ್ಲಿ ಬೀದರಿನವರು ನೀರಿಗಾಗಿ ಇದೇ ಕಲ್ಲನ್ನು ಕೊರೆದು ಕರೇಜ್ ಸುರಂಗ ಮಾಡಿದರಲ್ಲ, ಆ ನೀರು ಇರುವುದು ಆಳದಲ್ಲಿ. ನಮ್ಮ ಅರ್ಥ್ ರಾಡು ಇರುವುದು ಮೇಲಿನ ಮೂರು ಮೀಟರಿನಲ್ಲಿ.

ಅರ್ಥಿಂಗ್ ಬಗ್ಗೆ ನಮ್ಮ ದೇಶದ ಮಾನದಂಡ ಐಎಸ್ 3043. ಅದರ ಸೂತ್ರದಲ್ಲಿ 3 ಮೀಟರ್ ಉದ್ದ, 16 ಮಿಲಿಮೀಟರ್ ದಪ್ಪದ ರಾಡು ಹಾಕಿ ನೋಡಿದರೆ, ರಾಡಿನ ರೆಸಿಸ್ಟೆನ್ಸು ಮಣ್ಣಿನ ರೆಸಿಸ್ಟಿವಿಟಿಯ ಸುಮಾರು 0.35 ಪಾಲು ಬರ್ತದೆ. ಹಸಿ ಎರೆ ಮಣ್ಣಿಗೆ 10 ಓಮ್-ಮೀಟರ್ ಅಂತ ಹಿಡಿದರೆ ರಾಡು 3.5 ಓಮ್. ಒಣ ಲ್ಯಾಟರೈಟಿಗೆ 300 ಅಂತ ಹಿಡಿದರೆ ಅದೇ ರಾಡು 105 ಓಮ್. ಈ 10, 300 ನಾನು ಉದಾಹರಣೆಗೆ ಹಿಡಿದ ಅಂಕಿಗಳು. ನಿಮ್ಮ ಹೊಲದ್ದು ಅಳೆದೇ ತಿಳಿಯಬೇಕು.

ಮೊದಲು ಲ್ಯಾಟರೈಟ್ ಹೊಲ. 105ಕ್ಕೆ 5 ಸೇರಿ 110 ಓಮ್. 230 ವೋಲ್ಟಿಗೆ ಹರಿಯುವ ಕರೆಂಟ್ 2.1 ಆಂಪ್. 16 ಆಂಪಿನ ಎಂಸಿಬಿಗೆ ಇದು ಒಂದು ಸಣ್ಣ ಮಿಕ್ಸರಿನಷ್ಟು ಲೋಡು. ಅದು ಬೀಳುವುದೇ ಇಲ್ಲ, ವರ್ಷಗಟ್ಟಲೆ ಬೀಳುವುದಿಲ್ಲ. ಅಷ್ಟು ಹೊತ್ತೂ ಚೌಕಟ್ಟಿನ ಮೇಲೆ 2.1 ಗುಣಿಸು 105, ಅಂದರೆ ಸುಮಾರು 220 ವೋಲ್ಟ್ ನಿಂತಿರ್ತದೆ. ಹಸಿ ಮೈಯ ರೆಸಿಸ್ಟೆನ್ಸು 1000 ಓಮ್ ಅಂತ ಹಿಡಿದರೆ ಮುಟ್ಟಿದವರ ಮೈಯಲ್ಲಿ 200 ಮಿಲಿಆಂಪಿನ ಆಸುಪಾಸು ಹರಿಯಬಹುದು. 10 ಮಿಲಿಆಂಪ್ ದಾಟಿದರೆ ಹಿಡಿದ ಕೈ ಬಿಡಿಸಿಕೊಳ್ಳುವುದೇ ಕಷ್ಟ, 50 ಮಿಲಿಆಂಪ್ ಒಂದೆರಡು ಸೆಕೆಂಡು ಹರಿದರೆ ಹೃದಯದ ಲಯ ತಪ್ಪಬಹುದು.

ಈಗ ಒಳ್ಳೆಯ ಹೊಲ, ಹಸಿ ಎರೆ ಮಣ್ಣು. 3.5ಕ್ಕೆ 5 ಸೇರಿ 8.5 ಓಮ್, ಕರೆಂಟ್ 27 ಆಂಪ್. 16ರ ಎಂಸಿಬಿ ಬೀಳ್ತದೆ, ಆದರೆ ತಕ್ಷಣ ಅಲ್ಲ. ಒಂದೂವರೆ-ಎರಡು ಪಟ್ಟು ಕರೆಂಟಿಗೆ ಅದು ಒಳಗಿನ ಪಟ್ಟಿ ಬಿಸಿಯಾಗಿ ಬಾಗುವ ತನಕ ಕಾಯ್ತದೆ, ನಿಮಿಷಗಳೇ ಹಿಡಿಯಬಹುದು. ಅಲ್ಲಿಯತನಕ ಚೌಕಟ್ಟಿನ ಮೇಲೆ ಸುಮಾರು 95 ವೋಲ್ಟ್. ಸಿ ವರ್ಗದ ಎಂಸಿಬಿ ಕಣ್ಣು ಮಿಟುಕಿಸುವುದರೊಳಗೆ ಬೀಳಬೇಕಾದರೆ ಅದರ ರೇಟಿಂಗಿನ 5ರಿಂದ 10 ಪಟ್ಟು ಕರೆಂಟ್ ಬೇಕು, ಅಂದರೆ 80ರಿಂದ 160 ಆಂಪ್. ಅದಕ್ಕೆ ಇಡೀ ದಾರಿಯ ರೆಸಿಸ್ಟೆನ್ಸು 3 ಓಮಿಗಿಂತ, ಖಾತ್ರಿ ಬೇಕಾದರೆ ಒಂದೂವರೆ ಓಮಿಗಿಂತ ಕಡಿಮೆ ಇರಬೇಕು. ಟಿಸಿ ಕಡೆಯ ಅರ್ಥ್ ಒಂದೇ ಅದನ್ನು ಮೀರ್ತದೆ. ನೀವು ಚಿನ್ನದ ರಾಡು ಹೂಳಿದರೂ ಲೆಕ್ಕ ಸರಿಹೋಗುವುದಿಲ್ಲ.

ಜಾಣರು ಒಂದು ಪ್ರಶ್ನೆ ಕೇಳ್ತಾರೆ: ಪಾಲಿಹೌಸಿನ ಕಾಲುಗಳೇ ಹತ್ತಾರು ಕಡೆ ಕಾಂಕ್ರೀಟಿನಲ್ಲಿ ಹೂತಿವೆ, ಅವೇ ಅರ್ಥ್ ಅಲ್ಲವೇ? ಹೌದು, ಅವು ಸಹಾಯ ಮಾಡ್ತವೆ. ಒಳಗಿನ ನೆಲದ ವೋಲ್ಟೇಜೂ ಸ್ವಲ್ಪ ಏರುವುದರಿಂದ ಮಧ್ಯದಲ್ಲಿ ನಿಂತವರಿಗೆ ಅಪಾಯ ತುಸು ಕಡಿಮೆ. ಆದರೆ ಹೊರಗೆ ಹಸಿ ನೆಲದಲ್ಲಿ ನಿಂತು ಬಾಗಿಲಿಗೆ ಕೈ ಹಾಕುವವರಿಗೆ ಆ ಸಮಾಧಾನ ಇಲ್ಲ. ಎಂಸಿಬಿಯೂ ಬೇಗ ಬೀಳುವುದಿಲ್ಲ.

ಇಲ್ಲಿ ಜೀವ ಉಳಿಸುವುದು ಆರ್‌ಸಿಸಿಬಿ. ಅದರೊಳಗೆ ಒಂದು ಸಣ್ಣ ಕಬ್ಬಿಣದ ಬಳೆ ಇದೆ, ಫೇಸ್ ಮತ್ತು ನ್ಯೂಟ್ರಲ್ ಎರಡೂ ಅದರ ಮೂಲಕ ಹಾದು ಹೋಗ್ತವೆ. ಹೋದ ಕರೆಂಟ್ ಅಷ್ಟೂ ವಾಪಸ್ ಬಂದರೆ ಎರಡರ ಅಯಸ್ಕಾಂತ ಪರಿಣಾಮ ಒಂದನ್ನೊಂದು ಕಳೆದುಹಾಕ್ತದೆ. ಕರೆಂಟ್ ಸ್ವಲ್ಪ ಬೇರೆ ದಾರಿ ಹಿಡಿದರೆ, ಅದು ಪೈಪೇ ಇರಲಿ, ಯಾರದೋ ಮೈಯೇ ಇರಲಿ, ಬಳೆಯಲ್ಲಿ ವ್ಯತ್ಯಾಸ ಉಳಿದು ಬ್ರೇಕರ್ ಬೀಳ್ತದೆ. 30 ಮಿಲಿಆಂಪಿನ ಆರ್‌ಸಿಸಿಬಿ 30 ಮಿಲಿಆಂಪ್ ಸೋರಿದರೆ ಹೆಚ್ಚೆಂದರೆ 300 ಮಿಲಿಸೆಕೆಂಡಿನಲ್ಲಿ, ಅದರ ಐದು ಪಟ್ಟು ಸೋರಿದರೆ 40 ಮಿಲಿಸೆಕೆಂಡಿನಲ್ಲಿ ಬೀಳಬೇಕು ಅಂತ ನಿಯಮ. ಲ್ಯಾಟರೈಟ್ ಹೊಲದ 2.1 ಆಂಪ್ ಎಂಸಿಬಿಗೆ ಏನೂ ಅಲ್ಲ. ಆರ್‌ಸಿಸಿಬಿಗೆ ಅದು 70 ಪಟ್ಟು.

ಇನ್ನೊಂದು ಲೆಕ್ಕ ನೋಡ್ರಿ. ಚೌಕಟ್ಟಿನ ವೋಲ್ಟೇಜು 50ನ್ನು ದಾಟುವ ಮುಂಚೆಯೇ 30 ಮಿಲಿಆಂಪಿನ ಆರ್‌ಸಿಸಿಬಿ ಬೀಳಬೇಕಾದರೆ ರಾಡು ಎಷ್ಟು ಕೆಟ್ಟದಿರಬಹುದು? 50 ಭಾಗಿಸು 0.03, ಸುಮಾರು 1667 ಓಮ್. ಹಸಿ ಜಾಗ ಅಂತ 25 ವೋಲ್ಟಿಗೇ ಮಿತಿ ಹಾಕಿಕೊಂಡರೂ 833 ಓಮ್. ಅಂದರೆ ಆರ್‌ಸಿಸಿಬಿ ಇದ್ದರೆ 105 ಓಮಿನ ಬಡಪಾಯಿ ರಾಡೂ ಸಾಕು, ಇಲ್ಲದಿದ್ದರೆ ಮೂರೂವರೆ ಓಮಿನ ರಾಡೂ ಸಾಲದು. ಉಪ್ಪು-ಇದ್ದಿಲಿಗೆ ಸುರಿಯುವ ದುಡ್ಡು, ಗಮನ ಎರಡೂ ಮೊದಲು ಈ ಕಡೆ ತಿರುಗಬೇಕು.

ಹಾಗಂತ ಅರ್ಥ್ ಬೇಡ ಅಂತ ಯಾರೂ ಓದಿಕೊಳ್ಳಬೇಡಿ. ಅರ್ಥ್ ಇದ್ದರೆ ವೈರು ಪೈಪಿಗೆ ತಾಗಿದ ಕ್ಷಣವೇ ಸೋರಿಕೆ ಶುರುವಾಗಿ ಬ್ರೇಕರ್ ಬೀಳ್ತದೆ, ಆಗ ಅಲ್ಲಿ ಯಾರೂ ಇರಬೇಕಾಗಿಲ್ಲ. ಅರ್ಥ್ ಇಲ್ಲದಿದ್ದರೆ ಸೋರಿಕೆಯ ದಾರಿ ಆಗುವವರು ಮೊದಲು ಮುಟ್ಟಿದ ಮನುಷ್ಯರು. ಬ್ರೇಕರ್ ಬೀಳ್ತದೆ ನಿಜ, ಆದರೆ ಅವರಿಗೆ ಹೊಡೆದ ಮೇಲೆ. ಆರ್‌ಸಿಸಿಬಿ ಕೂಡ ಯಂತ್ರ, ಧೂಳು-ತೇವಕ್ಕೆ ಸಿಕ್ಕಿ ಒಂದು ದಿನ ಅಂಟಿಕೊಂಡು ಕೂರಬಹುದು. ಅದಕ್ಕೇ ಅದರ ಮೇಲಿನ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಬೇಕು. ಅಂದಹಾಗೆ, ಆ ಗುಂಡಿ ಪರೀಕ್ಷಿಸುವುದು ಬ್ರೇಕರನ್ನು ಮಾತ್ರ. ಅರ್ಥ್ ವೈರು ಕಿತ್ತು ಬಿದ್ದಿದ್ದರೂ ಗುಂಡಿ ಒತ್ತಿದಾಗ ಅದು ಟಕ್ ಅಂತ ಬೀಳ್ತದೆ.

ಹಳ್ಳಿಗಳಲ್ಲಿ ಆರ್‌ಸಿಸಿಬಿಯ ನಿಜವಾದ ಶತ್ರು ಬೆಲೆಯಲ್ಲ, ಸಿಟ್ಟು. "ಹೊತ್ತಿಲ್ಲ ಗೊತ್ತಿಲ್ಲ ಬೀಳ್ತದ" ಅಂತ ಕಿತ್ತು ಹಾಕಿ ವೈರು ನೇರ ಜೋಡಿಸ್ತಾರೆ. ರೈತನ ಸಿಟ್ಟಿಗೆ ಕಾರಣವೂ ಇದೆ. ಏಪ್ರಿಲ್ ಬಿಸಿಲಿನಲ್ಲಿ ಮಧ್ಯಾಹ್ನ ಫಾಗರ್, ಫ್ಯಾನ್ ನಿಂತು ಯಾರೂ ನೋಡದೆ ಹೋದರೆ ಲಕ್ಷಗಟ್ಟಲೆ ಹಾಕಿದ ಬೆಳೆ ಬಾಡ್ತದೆ. ಇದನ್ನು ಅರ್ಥ ಮಾಡಿಕೊಳ್ಳದೆ ಸುಮ್ಮನೆ ಸುರಕ್ಷತೆಯ ಪಾಠ ಹೇಳಿದರೆ ಅವರು ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ನಾವು ಮಾಡಬೇಕಾದ್ದು ಅದು ಸುಮ್ಮಸುಮ್ಮನೆ ಬೀಳದ ಹಾಗೆ ವ್ಯವಸ್ಥೆ ಮಾಡುವುದು. ಎಲ್ಲಕ್ಕೂ ಒಂದೇ ಆರ್‌ಸಿಸಿಬಿ ಹಾಕಿದರೆ ಹಸಿಯಾದ ಒಂದು ಪ್ಲಗ್ ಪಾಯಿಂಟ್ ಫ್ಯಾನನ್ನೂ ನಿಲ್ಲಿಸ್ತದೆ. ಪ್ಲಗ್ಗಿಗೆ ಬೇರೆ, ಪಂಪಿಗೆ ಬೇರೆ, ಫ್ಯಾನಿಗೆ ಬೇರೆ ಇಡಬೇಕು. ಎಂಸಿಬಿ, ಆರ್‌ಸಿಸಿಬಿ ಎರಡೂ ಒಂದೇ ಡಬ್ಬಿಯಲ್ಲಿರುವ ಆರ್‌ಸಿಬಿಒ ಇದಕ್ಕೆ ಅನುಕೂಲ. ಮೀಟರಿನ ಹತ್ತಿರ, ಕೇಬಲ್ ಶುರುವಾಗುವಲ್ಲಿ, 100 ಮಿಲಿಆಂಪಿನ ಎಸ್ ಮಾದರಿಯದು ಇರಲಿ. ಅದು ಬೇಕಂತಲೇ ಸ್ವಲ್ಪ ತಡವಾಗಿ ಬೀಳುವಂಥದ್ದು, ಹಾಗಾಗಿ ಒಳಗಿನದು ಮೊದಲು ಬೀಳ್ತದೆ. ಫ್ಯಾನಿನ ಸಾಲು ಸತ್ತರೆ ಕೂಗುವ, ಬ್ಯಾಟರಿಯ ಒಂದು ಸಣ್ಣ ಬಜರ್ ಮಾಡಿ ಕೊಟ್ಟರೆ ರೈತ ಆರ್‌ಸಿಸಿಬಿಯನ್ನು ಕೀಳುವುದಿಲ್ಲ. ಮಿನಿ ಪ್ರಾಜೆಕ್ಟ್ ಹುಡುಕ್ತಿರುವ ಇಸಿ ಗೆಳೆಯರೇ, ಕೇಳಿಸ್ತಾ? ಇಷ್ಟೆಲ್ಲ ಮಾಡಿದ ಮೇಲೂ ಬೀಳ್ತಿದ್ದರೆ ಎಲ್ಲೋ ನಿಜವಾಗಿಯೂ ಸೋರ್ತಿದೆ ಅಂತಲೇ ಅರ್ಥ.

ಕರೆಂಟ್ ಎಲ್ಲಿಂದ ತರಬೇಕು ಅನ್ನೋದು ಮುಂದಿನ ತಲೆನೋವು. ಸುಲಭದ ದಾರಿ ಅಂತ ಹಲವರು ಪಂಪ್‌ಸೆಟ್ ಲೈನಿನಿಂದಲೇ ಎಳೀತಾರೆ. 10 ಎಚ್‌ಪಿವರೆಗಿನ ನೀರಾವರಿ ಪಂಪಿಗೆ ನಮ್ಮ ರಾಜ್ಯದಲ್ಲಿ ಕರೆಂಟ್ ಉಚಿತ, ಆದರೆ ಅದು ಪಂಪಿಗೆ ಮಾತ್ರ. ಬೇರೆ ಉದ್ದೇಶಕ್ಕೆ ಬಳಸಿದರೆ 2003ರ ವಿದ್ಯುತ್ ಕಾಯ್ದೆಯ 126ನೇ ಸೆಕ್ಷನ್ ಪ್ರಕಾರ ಅನಧಿಕೃತ ಬಳಕೆ. ಕಾನೂನು ಬದಿಗಿರಲಿ, ಅದರ ಜೊತೆ ಬರುವ ಒಂದು ಚಾಳಿ ಇನ್ನೂ ಅಪಾಯ. ಮೋಟಾರಿನ ಹತ್ತಿರ ಮೂರು ಫೇಸ್ ಇರ್ತವೆ, ನ್ಯೂಟ್ರಲ್ ಇರುವುದಿಲ್ಲ. ಆಗ ಬಲ್ಬಿನ ಒಂದು ತುದಿ ಫೇಸಿಗೆ, ಇನ್ನೊಂದು ನೆಲಕ್ಕೆ ಹೊಡೆದ ಸಲಾಕೆಗೆ! ಎಲ್‌ಇಡಿ ಬಲ್ಬು ಚೆನ್ನಾಗಿಯೇ ಉರೀತದೆ, ಅದೇ ಮೋಸ. 105 ಓಮಿನ ನೆಲದಲ್ಲಿ ಹಳೆಯ 60 ವ್ಯಾಟ್ ಬಲ್ಬು ಒಂದೇ ಆ ಸಲಾಕೆಯನ್ನು ಸುಮಾರು 25 ವೋಲ್ಟಿಗೆ ಎತ್ತಿ ನಿಲ್ಲಿಸ್ತದೆ. ಸಲಾಕೆಯ ವೈರು ಕಳಚಿ ಯಾರಾದರೂ ಅದನ್ನು ಕೈಯಲ್ಲಿ ಹಿಡಿದರೆ ಅಲ್ಲಿರುವುದು ಪೂರ್ತಿ 230. ಇಂಥ ಕಡೆ ಆರ್‌ಸಿಸಿಬಿ ನಿಲ್ಲುವುದೂ ಇಲ್ಲ, ಏಕೆಂದರೆ ಅದರ ಕಣ್ಣಿಗೆ ಎಲ್ಲವೂ ಸೋರಿಕೆಯೇ.

ಇದರ ತಿರುಗುಮುರುಗು ಚಾಳಿ, ಪ್ಲಗ್ಗಿನಲ್ಲಿ ನ್ಯೂಟ್ರಲ್ಲನ್ನೇ ಅರ್ಥ್ ಪಿನ್ನಿಗೆ ಜೋಡಿಸುವುದು. ಎಲ್ಲ ಸರಿ ಇದ್ದಾಗ ಇದೂ ನಡೀತದೆ. ಗಾಳಿಗೆ ಕಂಬದ ಮೇಲಿನ ನ್ಯೂಟ್ರಲ್ ತುಂಡಾದ ದಿನ ಫೇಸ್, ಪಂಪಿನ ಸುರುಳಿಯ ಮೂಲಕ ಹಾದು ನೇರ ಚೌಕಟ್ಟಿಗೆ ಬರ್ತದೆ.

ಪಾಲಿಹೌಸಿಗೆ ಬೇರೆ ಸಂಪರ್ಕ ಪಡೆದು, ಲೈಸೆನ್ಸ್ ಇರುವ ಗುತ್ತಿಗೆದಾರರಿಂದ ಕೆಲಸ ಮಾಡಿಸುವುದೇ ಸರಿ. ನಮ್ಮಂಥ ವಿದ್ಯಾರ್ಥಿಗಳು ಲೆಕ್ಕ ಹಾಕಬಹುದು, ಕೇಳಬಹುದು, ಸ್ಕ್ರೂಡ್ರೈವರ್ ಎತ್ತಬಾರದು. ಹೊಲದ ಮನೆಯಿಂದ ಕೇಬಲ್ ತರುವುದಾದರೆ ಆ ಮನೆಯ ಅರ್ಥನ್ನು ಪಾಲಿಹೌಸಿನ ಚೌಕಟ್ಟಿಗೆ ಎಳೆದು ತರಬಾರದು. ಅಲ್ಲಿ ಫ್ರಿಜ್ಜಿಗೋ ಗೀಜರಿಗೋ ತೊಂದರೆಯಾದರೆ ಆ ವೋಲ್ಟೇಜು ಇಲ್ಲಿಗೆ ಪ್ರಯಾಣ ಮಾಡ್ತದೆ. ಕೇಬಲ್ಲಿನ ಉಕ್ಕಿನ ಕವಚವನ್ನು ಮನೆ ಕಡೆ ಮಾತ್ರ ಅರ್ಥ್ ಮಾಡಿ, ಪಾಲಿಹೌಸ್ ಕಡೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಗಿಸಬೇಕು. ಪಾಲಿಹೌಸಿಗೆ ಅದರದೇ ರಾಡು, ಅದರದೇ ಆರ್‌ಸಿಸಿಬಿ. ಚೌಕಟ್ಟು, ಬಾಗಿಲು, ಪಂಪಿನ ಮೈ, ಸ್ಟೀಲ್ ಟೇಬಲ್ ಎಲ್ಲವನ್ನೂ ತಾಮ್ರದ ವೈರಿನಿಂದ ಒಂದಕ್ಕೊಂದು ಜೋಡಿಸಿ ಆ ರಾಡಿಗೆ ಕಟ್ಟಬೇಕು. ಬೋಲ್ಟ್ ಬಿಗಿದಿದ್ದೇವಲ್ಲ ಅಂತ ಬಿಡಬಾರದು, ತುಕ್ಕು ಹಿಡಿದ ಬೋಲ್ಟ್ ಕರೆಂಟಿಗೆ ಭರವಸೆ ಕೊಡುವುದಿಲ್ಲ.

ಕೇಬಲ್ ದಪ್ಪವನ್ನು ಕರೆಂಟ್ ಒಂದನ್ನೇ ನೋಡಿ ಆರಿಸಬೇಡಿ, ದೂರವನ್ನೂ ನೋಡಿ. 10 ಆಂಪಿನ ಪಂಪು, 100 ಮೀಟರ್ ದೂರ. 2.5 ಚದರ ಮಿಲಿಮೀಟರ್ ತಾಮ್ರದಲ್ಲಿ ಸುಮಾರು 18 ವೋಲ್ಟ್ ದಾರಿಯಲ್ಲೇ ಸಾಯ್ತದೆ. 6 ಚದರ ಮಿಲಿಮೀಟರಾದರೆ 7 ಚಿಲ್ಲರೆ. ಸಂಜೆ ಹೊತ್ತು ಲೈನಿನಲ್ಲೇ 200 ಇದ್ದರೆ ತೆಳು ಕೇಬಲ್ಲಿನ ತುದಿಯಲ್ಲಿ 182 ಉಳೀತದೆ. ಮೋಟಾರಿನ ಟಾರ್ಕ್ ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿರುವುದರಿಂದ ಅದು ತಿರುಗಲಾರದೆ ಗುಂಯ್‌ಗುಟ್ಟಿ, ಬಿಸಿಯಾಗಿ, ಇನ್ಸುಲೇಶನ್ ಸುಟ್ಟುಕೊಳ್ತದೆ. ಆಮೇಲೆ ಅದೇ ಸೋರಿಕೆಗೆ ದಾರಿ. ಕೇಬಲ್ಲನ್ನು 75 ಸೆಂಟಿಮೀಟರ್ ಆಳದಲ್ಲಿ, ಕೆಳಗೆ ಮೇಲೆ ಮರಳು ಹಾಸಿ, ಇಟ್ಟಿಗೆ ಮುಚ್ಚಿ ಹೂಳಬೇಕು. ಟ್ರ್ಯಾಕ್ಟರಿನ ನೇಗಿಲು ಅಲ್ಲಿಗೆ ಮುಟ್ಟಬಾರದು. ಎರೆಯಲ್ಲಿ ತೋಡುವುದು ಸುಲಭ, ಆದರೆ ಬೇಸಿಗೆಗೆ ನೆಲ ಬಿರಿದು ಕೇಬಲ್ಲನ್ನು ಎಳೀತದೆ, ಹಾವಿನ ಹಾಗೆ ಸ್ವಲ್ಪ ಸಡಿಲ ಬಿಟ್ಟು ಹಾಸಬೇಕು. ಲ್ಯಾಟರೈಟಿನಲ್ಲಿ ತೋಡುವುದೇ ಒಂದು ಸಾಹಸ, ಕೂಲಿಯವರು ಒಂದು ಗೇಣಿಗೆ ನಿಲ್ಲಿಸಿ "ಸಾಕ್ರಿ" ಅನ್ನಬಹುದು. ಸಾಲದು.

ಒಳಗಿನ ವೈರಿಂಗಿನಲ್ಲಿ ನಾನು ಹೇಳುವುದು ಒಂದೇ ಮುಖ್ಯ ಮಾತು: ವೈರನ್ನು ಜಿಐ ಪೈಪಿಗೆ ಸುತ್ತಿ ಕಟ್ಟಬೇಡಿ. ಗಾಳಿಗೆ ಚೌಕಟ್ಟು ನಡುಗ್ತದೆ, ಪೈಪಿನ ಅಂಚು ಗರಗಸದ ಹಾಗೆ ಪ್ಲಾಸ್ಟಿಕ್ಕನ್ನು ಸವೆಸ್ತದೆ, ಬಿಸಿಲು ಅದನ್ನು ಹಪ್ಪಳ ಮಾಡ್ತದೆ. ಎಲ್ಲವೂ ಪಿವಿಸಿ ಕಾಂಡ್ಯೂಟಿನೊಳಗೆ ಹೋಗಲಿ, ಡಬ್ಬಿಗೆ ವೈರು ಕೆಳಗಿನಿಂದ ಒಳಹೋಗಲಿ, ಮೇಲಿನಿಂದ ಹೋದರೆ ನೀರೂ ಜೊತೆಗೆ ಇಳೀತದೆ. ಕೃಷಿ, ತೋಟಗಾರಿಕೆ ಜಾಗಗಳಿಗಾಗಿಯೇ ಇರುವ ಐಇಸಿ 60364ರ 705ನೇ ಭಾಗ ಕನಿಷ್ಠ ಐಪಿ 44 ಕೇಳ್ತದೆ. ಫಾಗರ್ ಇರುವ ಕಡೆ ಐಪಿ 65 ಕೊಳ್ಳುವುದು ಜಾಣತನ. ಔಷಧ, ಗಂಧಕ, ಗೊಬ್ಬರದ ನೀರು ತಾಮ್ರವನ್ನು ಹಸಿರು ಮಾಡ್ತವೆ, ಹಾಗಾಗಿ ಮುಖ್ಯ ಬೋರ್ಡು ಹೊರಗೆ ನೆರಳಿನಲ್ಲಿ, ಎದೆಯೆತ್ತರದಲ್ಲಿ ಇರಲಿ. ಬಾಗಿಲ ಹತ್ತಿರ ಒಂದು ಮೇನ್ ಸ್ವಿಚ್ ಇರಲಿ. ಒಳಗೆ ಯಾರಿಗಾದರೂ ಹೊಡೆದರೆ ಓಡಿ ಬಂದವರು ಅವರನ್ನು ಮುಟ್ಟುವ ಮುಂಚೆ ಅದನ್ನು ಇಳಿಸಬೇಕು.

ಮೇಲೆ ತಂತಿ ಹಾದು ಹೋಗಿದ್ದರೆ ಅದರ ಕೆಳಗೆ ಪಾಲಿಹೌಸ್ ಕಟ್ಟಲೇಬಾರದು. ಆರು ಮೀಟರಿನ ಪೈಪನ್ನು ಎತ್ತಿ ನಿಲ್ಲಿಸುವಾಗ 11 ಕೆವಿ ಲೈನಿಗೆ ತಾಗಿದರೆ ಈ ಲೇಖನದ ಯಾವ ಲೆಕ್ಕವೂ ಕೆಲಸಕ್ಕೆ ಬಾರದು.

ನಮ್ಮಿಂದ ಆಗುವ ಒಂದು ಕೆಲಸ ಅಳತೆ. ಲ್ಯಾಬಿನಲ್ಲಿರುವ ಅರ್ಥ್ ಟೆಸ್ಟರನ್ನು ಮೇಷ್ಟ್ರ ಒಪ್ಪಿಗೆ ಪಡೆದು, ಅವರ ಜೊತೆ ಒಮ್ಮೆ ಹೊಲಕ್ಕೆ ಒಯ್ಯಬಹುದು. ಹುಮನಾಬಾದ ಕಡೆಯ ಒಂದು ಕೆಂಪು ಹೊಲ, ಬಸವಕಲ್ಯಾಣ ಕಡೆಯ ಒಂದು ಎರೆ ಹೊಲ, ಮೇ ತಿಂಗಳಿನಲ್ಲಿ ಒಮ್ಮೆ, ಆಗಸ್ಟಿನಲ್ಲಿ ಒಮ್ಮೆ. ಎರೆ ಮಣ್ಣು ಬೇಸಿಗೆಗೆ ಬಿರಿದು ರಾಡಿನಿಂದ ದೂರ ಸರಿದಾಗ ಅಂಕಿ ಎಷ್ಟು ಏರ್ತದೆ ಅಂತ ಆಗ ಕಣ್ಣಾರೆ ಕಾಣ್ತದೆ. ವಿಧಾನ ನಮಗೆ ಗೊತ್ತಿರುವುದೇ: ಮೊದಲು ಮೇನ್ ಪೂರ್ತಿ ಇಳಿಸಿ, ಆಮೇಲೆ ರಾಡನ್ನು ಚೌಕಟ್ಟಿನಿಂದ ಬಿಡಿಸಬೇಕು. ಕರೆಂಟ್ ಇದ್ದಾಗ ಅರ್ಥ್ ಬಿಚ್ಚುವುದು ಸಾವಿನ ಜೊತೆ ಸರಸ. ರಾಡಿನಿಂದ 30 ಮೀಟರ್ ದೂರಕ್ಕೆ ಕರೆಂಟ್ ಸ್ಪೈಕ್, ಅದರ ಶೇಕಡ 62ರಲ್ಲಿ, ಅಂದರೆ ಹದಿನೆಂಟೂವರೆ ಮೀಟರಿನ ಹತ್ತಿರ, ಪೊಟೆನ್ಶಿಯಲ್ ಸ್ಪೈಕ್. ಎರಡೂ ಪಾಲಿಹೌಸಿಗೆ ಬೆನ್ನು ಹಾಕಿದ ದಿಕ್ಕಿನಲ್ಲಿರಲಿ, ಇಲ್ಲದಿದ್ದರೆ ಹೂತ ಕಾಲುಗಳು ಅಂಕಿಯನ್ನು ಕೆಡಿಸ್ತವೆ. ನಡುವಿನ ಸ್ಪೈಕನ್ನು ಒಂದೆರಡು ಮೀಟರ್ ಆಚೆ, ಒಂದೆರಡು ಮೀಟರ್ ಈಚೆ ಸರಿಸಿ ಮತ್ತೆ ಓದಬೇಕು. ಮೂರೂ ಅಂಕಿ ಹತ್ತಿರ ಬಂದರೆ ನಂಬಬಹುದು, ಬರದಿದ್ದರೆ ಹೊರಗಿನ ಸ್ಪೈಕನ್ನು ಇನ್ನೂ ದೂರ ಒಯ್ಯಬೇಕು. ಕೆಂಪು ಹೊಲಕ್ಕೆ ಹೋಗುವಾಗ ಸುತ್ತಿಗೆ ದೊಡ್ಡದೇ ಇರಲಿ, ಸ್ಪೈಕಿನ ಬುಡಕ್ಕೆ ಹಾಕಲಿಕ್ಕೆ ಒಂದು ಕೊಡ ನೀರೂ ಇರಲಿ.